ಐದನೇ ತಿಂಗಳಿಗೇ ಶುರುವಾಗಬೇಕಾದ ಹೃದಯ ಚಿಕಿತ್ಸೆ

ಹುಟ್ಟಿ ಹತ್ತು ದಿನ ತುಂಬದ ಮಗುವಿನ ಎದೆ ತೆರೆದು ಹೃದಯ ಸರಿಪಡಿಸಬಲ್ಲ ವೈದ್ಯರು ಕರ್ನಾಟಕದಲ್ಲಿದ್ದಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ನಾರಾಯಣ ಹೃದಯಾಲಯ, ಬಿಲ್ ಕೌಂಟರೇ ಇಲ್ಲದ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಇವುಗಳ ಹೆಸರು ಕೇಳಿ ಹೊರರಾಜ್ಯಗಳಿಂದ, ಹೊರದೇಶಗಳಿಂದಲೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಬಡವರ ಶಸ್ತ್ರಚಿಕಿತ್ಸೆಯ ಖರ್ಚು ಭರಿಸಲು 2010ರಲ್ಲಿ ಕಲಬುರಗಿ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯಿಂದ ಹಿಡಿದು ಇಂದಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದವರೆಗೆ ಯೋಜನೆಗಳಿವೆ. ಇಷ್ಟೆಲ್ಲ ಇದ್ದೂ, ತೀವ್ರ ಹೃದಯದೋಷ ಹೊತ್ತು ಹುಟ್ಟುವ ಹಸುಳೆಗಳಲ್ಲಿ ಎಷ್ಟೋ ಮಕ್ಕಳು ಈ ಆಸ್ಪತ್ರೆಗಳ ಬಾಗಿಲನ್ನೇ ಕಾಣುವುದಿಲ್ಲ. ಕೆಲವು ಮಕ್ಕಳು ತಲುಪುವ ಹೊತ್ತಿಗೆ ಮೂತ್ರಪಿಂಡ ಸೋತಿರುತ್ತದೆ, ಮಿದುಳಿಗೆ ಪೆಟ್ಟು ಬಿದ್ದಿರುತ್ತದೆ. ದೊಡ್ಡ ಕೊರತೆ ಇರುವುದು ಆಪರೇಷನ್ ಥಿಯೇಟರಿಗೆ ಹೋಗುವ ದಾರಿಯಲ್ಲಿ. ಆ ದಾರಿ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ ಎಂದು ನಮ್ಮ ಆರೋಗ್ಯ ವ್ಯವಸ್ಥೆ ನಂಬಿಕೊಂಡಿದೆ. ಗರ್ಭದ ಐದನೇ ತಿಂಗಳ ಸ್ಕ್ಯಾನಿಂಗ್‌ನಿಂದಲೇ ಅದು ಶುರುವಾಗಬೇಕು. ಹೆರಿಗೆ ಎಲ್ಲಾಗಬೇಕು ಎಂಬ ತೀರ್ಮಾನವನ್ನೂ ಶಸ್ತ್ರಚಿಕಿತ್ಸೆಯ ಭಾಗವೆಂದೇ ಎಣಿಸಿ ಸರ್ಕಾರ ಅದರ ಹೊಣೆ ಹೊರಬೇಕು ಎಂಬುದು ಈ ಲೇಖನದ ವಾದ.

ಜನ್ಮಜಾತ ಹೃದಯದೋಷ ಅಪರೂಪದ ಕಾಯಿಲೆಯೇನೂ ಅಲ್ಲ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಅದು ಇರುತ್ತದೆ. ಭಾರತದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ, ಅವರಲ್ಲಿ ಐದರಲ್ಲೊಂದು ಮಗುವಿಗೆ ಮೊದಲ ವರ್ಷದೊಳಗೇ ಶಸ್ತ್ರಚಿಕಿತ್ಸೆಯೋ ಕ್ಯಾತಿಟರ್ ಚಿಕಿತ್ಸೆಯೋ ಬೇಕಾಗುತ್ತದೆ ಎಂಬುದು ಮಕ್ಕಳ ಹೃದ್ರೋಗ ತಜ್ಞರ ಅಂದಾಜು. ವರ್ಷಕ್ಕೆ ಸುಮಾರು ಹತ್ತು ಲಕ್ಷ ಹೆರಿಗೆಗಳಾಗುವ ಕರ್ನಾಟಕಕ್ಕೆ ಇದೇ ಲೆಕ್ಕ ಹಿಡಿದರೆ, ಮೊದಲ ಹುಟ್ಟುಹಬ್ಬದೊಳಗೆ ಚಿಕಿತ್ಸೆ ಬೇಕಾಗುವ ಮಕ್ಕಳ ಸಂಖ್ಯೆ 1,600ರಿಂದ 1,800. ಹೃದಯದಲ್ಲಿ ರಂಧ್ರ ಎಂದು ಜನ ಕರೆಯುವ ದೋಷಗಳಲ್ಲಿ ಸಣ್ಣವು ತಾವಾಗಿ ಮುಚ್ಚಿಕೊಳ್ಳುತ್ತವೆ, ಇನ್ನು ಕೆಲವಕ್ಕೆ ತಿಂಗಳುಗಟ್ಟಲೆ ಕಾಯಬಹುದು. ಕಾಯಲು ಬಿಡದ ದೋಷಗಳೇ ಬೇರೆ. ಮಹಾಧಮನಿಯೂ ಶ್ವಾಸಕೋಶದ ಧಮನಿಯೂ ಅದಲುಬದಲಾಗಿರುವುದು, ಹೃದಯದ ಎಡಭಾಗ ಬೆಳೆಯದೇ ಉಳಿದಿರುವುದು, ಮಹಾಧಮನಿ ಒಂದೆಡೆ ತೀರಾ ಕಿರಿದಾಗಿರುವುದು, ಶ್ವಾಸಕೋಶದಿಂದ ಶುದ್ಧ ರಕ್ತ ತರುವ ನಾಳಗಳು ತಪ್ಪು ಜಾಗಕ್ಕೆ ಸೇರಿಕೊಂಡು ದಾರಿ ಕಟ್ಟಿರುವುದು ಇವೆಲ್ಲ ಮೊದಲ ಕೆಲವು ದಿನ ಅಥವಾ ವಾರಗಳಲ್ಲೇ ಜೀವ ತೆಗೆಯಬಲ್ಲವು. ಮಗು ಹುಟ್ಟುವ ಮುನ್ನವೇ ಪತ್ತೆ ಮಾಡಿದರೆ ಹೆಚ್ಚು ಲಾಭ ಸಿಗುವುದು ಇಂಥವುಗಳಲ್ಲೇ.

ಇಷ್ಟು ಘೋರ ದೋಷವಿರುವ ಮಗು ಹುಟ್ಟುವಾಗ ಚೆನ್ನಾಗಿಯೇ ಅಳುತ್ತದೆ, ಮೂರು ಕಿಲೋ ತೂಗುತ್ತದೆ, ಮೊದಲ ದಿನ ಹಾಲನ್ನೂ ಕುಡಿಯುತ್ತದೆ. ಕಾರಣ ಗರ್ಭದ ರಕ್ತಪರಿಚಲನೆಯಲ್ಲಿದೆ. ಹೊಟ್ಟೆಯೊಳಗಿನ ಮಗುವಿಗೆ ಆಮ್ಲಜನಕ ಬರುವುದು ತಾಯಿಯಿಂದ. ಅದರ ಶ್ವಾಸಕೋಶಕ್ಕೆ ಇನ್ನೂ ಕೆಲಸವಿಲ್ಲ. ಹಾಗಾಗಿ ರಕ್ತ ಶ್ವಾಸಕೋಶವನ್ನು ಬಳಸಿಕೊಂಡು ಹೋಗಲು ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ಧಮನಿಗಳ ನಡುವೆ ಡಕ್ಟಸ್ ಎಂಬ ಕಿರುನಾಳ ಇರುತ್ತವೆ. ಹುಟ್ಟಿದ ಮೇಲೆ ಮೊದಲ ಎರಡು ಮೂರು ದಿನಗಳಲ್ಲಿ ಡಕ್ಟಸ್ ಮುಚ್ಚಿಕೊಳ್ಳುತ್ತದೆ. ಆರೋಗ್ಯವಂತ ಮಗುವಿಗೆ ಅದು ಮುಚ್ಚಲೇಬೇಕು. ಹೃದಯದ ಅರ್ಧ ಭಾಗವೇ ಕೆಲಸ ಮಾಡದ ಮಗುವಿಗಾದರೋ ಅದೊಂದೇ ಜೀವನಾಳವಾಗಿತ್ತು. ಸಹಜ ಹೆರಿಗೆಯಾದ ಬಾಣಂತಿಯನ್ನು ಮನೆಗೆ ಕಳಿಸುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ಮನೆಗೆ ಬಂದ ಮರುದಿನ ಮಗು ಹಾಲು ಬಿಡುತ್ತದೆ, ಏದುಸಿರು ಬಿಡುತ್ತದೆ, ಕೈಕಾಲು ತಣ್ಣಗಾಗುತ್ತವೆ. ಹತ್ತಿರದ ಆಸ್ಪತ್ರೆಯವರು ಮೈಗೆ ನಂಜೇರಿದೆ ಎಂದು ಆ್ಯಂಟಿಬಯೋಟಿಕ್ ಶುರು ಮಾಡುತ್ತಾರೆ. ಅವರದು ತಪ್ಪೆನ್ನಲಾಗದು, ನಂಜಿಗೂ ಇದಕ್ಕೂ ಲಕ್ಷಣಗಳು ಒಂದೇ. ಆದರೆ ಆ ಅನುಮಾನ ತೀರುವಷ್ಟರಲ್ಲಿ ಕಳೆದುಹೋಗುವ ಗಂಟೆಗಳೇ ಮಗುವಿನ ಪಾಲಿಗೆ ಎಲ್ಲವೂ.

ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂಬುದನ್ನು ಧಮನಿಗಳು ಅದಲುಬದಲಾದ ಮಗುವಿನ ವಿಷಯದಲ್ಲಿ ನೋಡಿ. ಈ ಮಗುವಿನಲ್ಲಿ ದೇಹದ ಅಶುದ್ಧ ರಕ್ತ ಮತ್ತೆ ದೇಹಕ್ಕೇ, ಶ್ವಾಸಕೋಶದ ಶುದ್ಧ ರಕ್ತ ಮತ್ತೆ ಶ್ವಾಸಕೋಶಕ್ಕೇ ಸುತ್ತುತ್ತಿರುತ್ತದೆ. ಎರಡೂ ಎಲ್ಲಾದರೂ ಬೆರೆತರಷ್ಟೇ ಮಗು ಉಳಿದೀತು. ಡಕ್ಟಸ್ ಮುಚ್ಚದಂತೆ ಹಿಡಿದಿಡುವ ಪ್ರೊಸ್ಟಗ್ಲಾಂಡಿನ್ ಔಷಧಿ 1970ರ ದಶಕದ ನಡುವಿನಿಂದ ಬಳಕೆಯಲ್ಲಿದೆ. ಮೇಲಿನ ಕೋಣೆಗಳ ನಡುವಿನ ಕಿಂಡಿಯನ್ನು ಬಲೂನಿನಿಂದ ಹಿಗ್ಗಿಸುವ ವಿಧಾನವನ್ನು ಫಿಲಡೆಲ್ಫಿಯಾದ ವಿಲಿಯಂ ರಾಷ್ಕಿಂಡ್ 1966ರಲ್ಲೇ ತೋರಿಸಿಕೊಟ್ಟರು. ಹೊಕ್ಕುಳಿನ ರಕ್ತನಾಳದ ಮೂಲಕ, ಐಸಿಯು ಹಾಸಿಗೆಯ ಪಕ್ಕದಲ್ಲೇ ಅದನ್ನು ಮಾಡಬಹುದು. ಇವೆರಡರಿಂದ ಮಗುವಿಗೆ ಕೆಲವು ದಿನಗಳ ಕಾಲಾವಕಾಶ ಸಿಗುತ್ತದೆ. ಆಮೇಲಿನದು ಧಮನಿಗಳನ್ನೇ ಬದಲಿಸಿ ಜೋಡಿಸುವ ಶಸ್ತ್ರಚಿಕಿತ್ಸೆ. 1975ರಲ್ಲಿ ಬ್ರೆಜಿಲ್‌ನ ಅಡಿಬ್ ಜತೆನೆ ಅದನ್ನು ಮೊದಲು ಯಶಸ್ವಿಯಾಗಿ ಮಾಡಿದರು. ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 250 ಮಿ.ಲೀ.; ಹಾರ್ಟ್-ಲಂಗ್ ಮಷೀನಿನ ಕೊಳವೆಗಳನ್ನು ತುಂಬಿಸಲು ದಾನಿಗಳ ರಕ್ತ ಬೇಕು. ಮೈ ತಂಪು ಮಾಡಿ, ಹೃದಯ ನಿಲ್ಲಿಸಿ, ಎರಡೂ ಧಮನಿಗಳನ್ನು ಕತ್ತರಿಸಿ ಅದಲುಬದಲು ಹೊಲಿಯುತ್ತಾರೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಹೃದಯಕ್ಕೇ ರಕ್ತ ಕೊಡುವ ಒಂದೆರಡು ಮಿ.ಮೀ. ಅಗಲದ ಕರೋನರಿ ನಾಳಗಳನ್ನು ಗುಂಡಿಯಂತೆ ಸುತ್ತಲಿನ ಗೋಡೆಯ ಸಮೇತ ಬಿಡಿಸಿ ಹೊಸ ಜಾಗಕ್ಕೆ ಕೂರಿಸುವುದು. ಅವು ಸ್ವಲ್ಪ ತಿರುಚಿದರೂ ಹೃದಯ ಮತ್ತೆ ಮಿಡಿಯದು. ಈ ಕೆಲಸಕ್ಕೆ ಗಡುವೂ ಇದೆ. ಶ್ವಾಸಕೋಶದ ಕಡಿಮೆ ಒತ್ತಡಕ್ಕೆ ಒಗ್ಗಿಕೊಂಡ ಎಡ ಹೃದಯ ವಾರಗಳಲ್ಲೇ ಬಲ ಕಳೆದುಕೊಳ್ಳುವುದರಿಂದ, ರಂಧ್ರವಿಲ್ಲದ ಪ್ರಕರಣಗಳಲ್ಲಿ ಏಳು ದಿನದಿಂದ ಮೂರು ವಾರದೊಳಗೆ ಶಸ್ತ್ರಚಿಕಿತ್ಸೆ ಮುಗಿಯಬೇಕೆಂದು ಭಾರತೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯ ಕೇಂದ್ರಗಳಲ್ಲಿ ಈ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ದೊಡ್ಡವರಾಗಿ ಓದು, ಕೆಲಸ, ಸಂಸಾರ ನಡೆಸುತ್ತಿದ್ದಾರೆ.

ಮೊದಲೇ ತಿಳಿದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಈ ದೋಷದ ಬಗ್ಗೆ ಪ್ಯಾರಿಸ್ಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಬಲವಾದ ಸಾಕ್ಷಿ. ಹುಟ್ಟಿದ ಮೇಲೆ ಪತ್ತೆಯಾದ 250 ಮಕ್ಕಳಲ್ಲಿ 15 ಮಕ್ಕಳು ಶಸ್ತ್ರಚಿಕಿತ್ಸೆಗೆ ಮೊದಲೇ ತೀರಿಕೊಂಡರು, ಶಸ್ತ್ರಚಿಕಿತ್ಸೆಯ ನಂತರ ಇನ್ನೂ 20 ಮಕ್ಕಳು. ಗರ್ಭದಲ್ಲೇ ಪತ್ತೆಯಾಗಿ, ಹೆರಿಗೆಯನ್ನು ತಕ್ಕ ಆಸ್ಪತ್ರೆಯಲ್ಲೇ ಮಾಡಿಸಿದ 68 ಮಕ್ಕಳಲ್ಲಿ ಒಂದೂ ಸಾಯಲಿಲ್ಲ. ಅದೇ ಊರು, ಅದೇ ಶಸ್ತ್ರವೈದ್ಯರು, ಅದೇ ಶಸ್ತ್ರಚಿಕಿತ್ಸೆ. ಮಗು ಯಾವ ಸ್ಥಿತಿಯಲ್ಲಿ ಅವರ ಕೈಗೆ ಬಂತು ಎಂಬುದಷ್ಟೇ ವ್ಯತ್ಯಾಸ. ಎಲ್ಲ ಅಧ್ಯಯನಗಳೂ ಇಷ್ಟು ಖಚಿತವಾಗಿ ಹೇಳುವುದಿಲ್ಲ ಎಂಬುದನ್ನೂ ಒಪ್ಪಬೇಕು. ಎಡ ಹೃದಯ ಬೆಳೆಯದ ಮಕ್ಕಳ ವಿಷಯದಲ್ಲಿ ಕೆಲವು ಕೇಂದ್ರಗಳಲ್ಲಿ ಲಾಭ ಕಂಡಿದೆ, ಕೆಲವೆಡೆ ಕಂಡಿಲ್ಲ. ಎಲ್ಲ ದೋಷಗಳನ್ನು ಒಟ್ಟು ಸೇರಿಸಿದಾಗ ಗರ್ಭದಲ್ಲೇ ಪತ್ತೆಯಾದ ಮಕ್ಕಳ ಸಾವೇ ಹೆಚ್ಚು ಎಂದು ತೋರಿದ ವರದಿಗಳೂ ಇವೆ. ಅದಕ್ಕೆ ಕಾರಣ, ಸ್ಕ್ಯಾನಿಂಗ್‌ನಲ್ಲಿ ಎದ್ದು ಕಾಣುವುದು ಅತಿ ಕೆಟ್ಟ ದೋಷಗಳು. ಹುಟ್ಟಿದೊಡನೆ ತೀರಿಕೊಂಡ ಮಕ್ಕಳೋ ಆಸ್ಪತ್ರೆಯ ಲೆಕ್ಕಕ್ಕೇ ಸೇರುವುದಿಲ್ಲ. ಒಂದೇ ಬಗೆಯ ದೋಷ, ಒಂದೇ ಮಟ್ಟದ ಅಪಾಯ ಇರುವ ಮಕ್ಕಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆ, ಗರ್ಭದಲ್ಲೇ ಪತ್ತೆಯಾದವರು ಶಸ್ತ್ರಚಿಕಿತ್ಸೆಗೆ ಮುನ್ನ ಸಾಯುವ ಸಂಭವ ಕಡಿಮೆ ಎಂದೇ ಹೇಳಿತು. ಈ ಎಲ್ಲ ಅಧ್ಯಯನಗಳು ನಡೆದದ್ದು ಹೆಚ್ಚಾಗಿ ಆಂಬುಲೆನ್ಸ್ ನಿಮಿಷಗಳಲ್ಲಿ ಬರುವ ದೇಶಗಳಲ್ಲಿ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರ ಇರುವ ನಮ್ಮಲ್ಲಿ ಮೊದಲೇ ತಿಳಿಯುವುದರ ಬೆಲೆ ಇನ್ನೂ ಹೆಚ್ಚು.

ಪತ್ತೆ ಮಾಡುವ ಕೆಲಸ ಕಷ್ಟವೇ? ಐದನೇ ತಿಂಗಳಿಗೆ ಶಿಶುವಿನ ಹೃದಯ ಎರಡು ಸೆಂ.ಮೀ. ಆಸುಪಾಸಿನದು, ನಿಮಿಷಕ್ಕೆ 140 ಸಲ ಮಿಡಿಯುವಂಥದ್ದು. ಸ್ಕ್ಯಾನಿಂಗ್ ಮಾಡುವವರು ಎಲ್ಲೆಡೆ ನಾಲ್ಕು ಕೋಣೆಗಳ ನೋಟವನ್ನು ಸಾಮಾನ್ಯವಾಗಿ ನೋಡುತ್ತಾರೆ. ಧಮನಿಗಳು ಅದಲುಬದಲಾದ ಹೃದಯದಲ್ಲಿ ಈ ನೋಟ ಪೂರ್ತಿ ಸರಿಯಾಗಿಯೇ ಕಾಣುತ್ತದೆ. ಪ್ರೋಬನ್ನು ಶಿಶುವಿನ ತಲೆಯ ಕಡೆಗೆ ಸ್ವಲ್ಪ ವಾಲಿಸಿದರೆ ಹೃದಯದಿಂದ ಹೊರಡುವ ಎರಡು ಧಮನಿಗಳು ಕಾಣುತ್ತವೆ. ಸರಿಯಾದ ಹೃದಯದಲ್ಲಿ ಅವು ಒಂದನ್ನೊಂದು ದಾಟುತ್ತವೆ. ದೋಷವಿದ್ದರೆ ಅಕ್ಕಪಕ್ಕ ಸಮಾನಾಂತರವಾಗಿ ಓಡುತ್ತವೆ. ಆ ಒಂದು ವಾಲಿಕೆಗೆ ಹಿಡಿಯುವುದು ಕೆಲವು ನಿಮಿಷ. ಅಂತರರಾಷ್ಟ್ರೀಯ ಪ್ರಸೂತಿ ಸ್ಕ್ಯಾನಿಂಗ್ ಸಂಘದ 2013ರ ಮಾರ್ಗಸೂಚಿ ಎಲ್ಲ ಗರ್ಭಿಣಿಯರಿಗೂ ಈ ನೋಟ ಸೇರಿಸಬೇಕೆಂದು ಹೇಳಿದೆ. ಅಪಾಯ ಇರುವವರಿಗಷ್ಟೇ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ರಕ್ತಸಂಬಂಧದ ಮದುವೆ, ಗರ್ಭಕ್ಕೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹಿಂದಿನ ಮಗುವಿಗೆ ಇದೇ ದೋಷ ಇದ್ದದ್ದು ಇವೆಲ್ಲ ಅಪಾಯ ಹೆಚ್ಚಿಸುತ್ತವೆ ಎಂಬುದು ನಿಜ. ಆದರೆ ಹೃದಯದೋಷ ಇರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಇಂಥ ಯಾವ ಕಾರಣವೂ ಇಲ್ಲದ ತಾಯಂದಿರಿಗೆ. ಗ್ರಹಣದಲ್ಲಿ ಹೊರಗೆ ಬಂದಳು, ಅದನ್ನು ತಿಂದಳು, ಇದನ್ನು ಮಾಡಿದಳು ಎಂದು ಬಾಣಂತಿಯನ್ನು ಹಂಗಿಸುವ ಮನೆಗಳಿಗೂ ಈ ಮಾತು ತಲುಪಬೇಕು: ಅವಳದು ಯಾವ ತಪ್ಪೂ ಇಲ್ಲ.

ಈಗ ನಮ್ಮಲ್ಲಿ ಆಗುತ್ತಿರುವುದೇನು ಎಂದರೆ, ಸ್ಕ್ಯಾನಿಂಗ್‌ನಲ್ಲಿ ಅನುಮಾನ ಬಂದರೂ ಅದು ಕಾಗದದ ಮೇಲಿನ ಒಂದು ಸಾಲಾಗಿ ಉಳಿಯುತ್ತದೆ. ಹೃದಯದ ವಿವರವಾದ ಫೀಟಲ್ ಎಕೋ ಮಾಡುವ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲಿದ್ದಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹೃದಯದೋಷವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ, ಎಷ್ಟೋ ಮಕ್ಕಳಿಗೆ ಅದರಿಂದ ಶಸ್ತ್ರಚಿಕಿತ್ಸೆ ಸಿಕ್ಕಿದೆ. ಆದರೆ ಅದರ ವ್ಯಾಪ್ತಿಯೇ ಹುಟ್ಟಿನಿಂದ 18 ವರ್ಷ. ಹುಟ್ಟುವ ಹಿಂದಿನ ನಾಲ್ಕು ತಿಂಗಳು, ಸಿದ್ಧತೆಗೆ ಸಿಗುವ ಬಂಗಾರದಂಥ ಸಮಯ, ಯಾರ ಲೆಕ್ಕಕ್ಕೂ ಇಲ್ಲ. ಇದಕ್ಕೆ ನಮ್ಮ ರೂಢಿಯೊಂದೂ ಕೂಡಿಕೊಳ್ಳುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ಕರ್ನಾಟಕದ ಬಹುಪಾಲು ಮನೆಗಳ ಪದ್ಧತಿ. ಐದನೇ ತಿಂಗಳಲ್ಲಿ ಗಂಡನ ಊರಿನ ತಾಲ್ಲೂಕು ಕೇಂದ್ರದಲ್ಲಿ ಸ್ಕ್ಯಾನಿಂಗ್ ಆಗಿರುತ್ತದೆ, ಏಳೋ ಎಂಟೋ ತಿಂಗಳಿಗೆ ಮಗಳನ್ನು ಕರೆದೊಯ್ಯುವ ತವರು ಇನ್ನೊಂದು ಜಿಲ್ಲೆಯಲ್ಲಿರುತ್ತದೆ. ಅಲ್ಲಿನ ಆಶಾ ಕಾರ್ಯಕರ್ತೆಗೆ, ವೈದ್ಯಾಧಿಕಾರಿಗೆ ಈ ಹುಡುಗಿಯ ಹಿಂದಿನ ಕಥೆ ಗೊತ್ತಿರುವುದಿಲ್ಲ. ತವರಿಗೆ ಹೋಗುವುದನ್ನು ಬಿಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ; ಬಸುರಿಗೆ ತವರಿನ ಆಸರೆ ಬೇಕು. ಅವಳ ಜೊತೆ ತಪ್ಪದೆ ಹೋಗುವ ತಾಯಿ ಕಾರ್ಡ್ ಇದೆಯಲ್ಲ, ಅದರಲ್ಲೇ ಹೃದಯ ತಪಾಸಣೆಯ ಫಲಿತಾಂಶಕ್ಕೆ, ಹೆರಿಗೆ ಎಲ್ಲಾಗಬೇಕು ಎಂಬುದಕ್ಕೆ ಒಂದು ಸಾಲು ಮೀಸಲಿಡಬೇಕು. ಅನುಮಾನ ಬಂದ ದಿನವೇ ಪ್ರಕರಣ ರಾಜ್ಯಮಟ್ಟದ ಒಂದು ಪಟ್ಟಿಗೆ ಸೇರಿ, ಎರಡೂ ಊರಿನ ಆರೋಗ್ಯ ಸಿಬ್ಬಂದಿಗೆ ಕಾಣುವಂತಿರಬೇಕು.

ರೋಗಿಷ್ಠ ಹಸುಳೆಯನ್ನು ವೆಂಟಿಲೇಟರ್ ಇರುವ ಆಂಬುಲೆನ್ಸಿನಲ್ಲಿ ನೂರಾರು ಕಿ.ಮೀ. ಒಯ್ಯುವುದಕ್ಕಿಂತ, ತುಂಬು ಗರ್ಭಿಣಿ ಒಂದೆರಡು ವಾರ ಮೊದಲೇ ಬಸ್ಸಿನಲ್ಲೋ ರೈಲಿನಲ್ಲೋ ಬಂದು ಆಸ್ಪತ್ರೆಯ ಹತ್ತಿರ ಉಳಿದುಕೊಳ್ಳುವುದು ಸುರಕ್ಷಿತ, ಅಗ್ಗ ಕೂಡ. ಮಗುವನ್ನು ಸಾಗಿಸಲು ತಾಯಿಯ ಗರ್ಭಕ್ಕಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಹೃದಯದೋಷ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ; ಹೆಚ್ಚಿನ ತಾಯಂದಿರಿಗೆ ಸಹಜ ಹೆರಿಗೆಯೇ ಆಗುತ್ತದೆ. ಅವಸರಪಟ್ಟು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುವುದಂತೂ ಹಾನಿಕರ. ಅಮೆರಿಕದ ಅಧ್ಯಯನಗಳಲ್ಲಿ 39 ವಾರ ತುಂಬಿದ ಮೇಲೆ ಹುಟ್ಟಿದ ಮಕ್ಕಳೇ ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡದ್ದು ಕಂಡಿದೆ. ಬೆಂಗಳೂರಿಗೆ ಬರಲಾಗದವರಿಗಾಗಿ ಪ್ರತಿ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲೂ ಪ್ರೊಸ್ಟಗ್ಲಾಂಡಿನ್ ಇರಬೇಕು, ಅದನ್ನು ಕೊಟ್ಟಾಗ ಮಗು ಉಸಿರು ನಿಲ್ಲಿಸಬಹುದೆಂದು ತಿಳಿದು ಎಚ್ಚರದಿಂದಿರುವ ದಾದಿಯರಿರಬೇಕು. ಬೀದರ್, ಕಲಬುರಗಿಯ ಕುಟುಂಬಗಳಿಗೆ ಹೈದರಾಬಾದ್ ಹತ್ತಿರ. ರಾಜ್ಯದ ಗಡಿ ನೋಡದೆ ಹತ್ತಿರದ ತಕ್ಕ ಕೇಂದ್ರಕ್ಕೆ ಕಳಿಸಿ ಖರ್ಚು ಭರಿಸುವ ಏರ್ಪಾಡು ಕಲ್ಯಾಣ ಕರ್ನಾಟಕಕ್ಕೆ ಬೇಕೇ ಬೇಕು.

ಇಷ್ಟೊಂದು ಹಣ ಒಂದು ಮಗುವಿನ ಹೃದಯಕ್ಕೆ ಸುರಿಯುವ ಬದಲು ಪೌಷ್ಟಿಕ ಆಹಾರಕ್ಕೆ, ಲಸಿಕೆಗೆ, ಸುರಕ್ಷಿತ ಹೆರಿಗೆಗೆ ಕೊಟ್ಟರೆ ನೂರು ಮಕ್ಕಳು ಉಳಿಯುತ್ತವೆ ಎಂಬ ಆಕ್ಷೇಪ ಗಂಭೀರವಾದದ್ದು. ಮೂವತ್ತು ವರ್ಷಗಳ ಹಿಂದೆ ಅದು ಸರಿಯಾದ ವಾದವೂ ಆಗಿತ್ತು. ಇಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. 2020ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ರಾಜ್ಯದ ಶಿಶುಮರಣ ಸಾವಿರಕ್ಕೆ 19. ಭೇದಿ, ನ್ಯುಮೋನಿಯಾ, ಧನುರ್ವಾಯುವಿನಿಂದಾಗುವ ಸಾವು ಕಡಿಮೆಯಾದಂತೆ ಉಳಿದ ಸಾವುಗಳಲ್ಲಿ ಹುಟ್ಟುದೋಷಗಳ ಪಾಲು ಹೆಚ್ಚುತ್ತದೆ. ಕೇರಳ ಈ ಘಟ್ಟವನ್ನು ನಮಗಿಂತ ಮೊದಲು ತಲುಪಿತು. ಶಿಶುಮರಣ ಹನ್ನೆರಡರ ಹತ್ತಿರ ನಿಂತುಬಿಟ್ಟಾಗ, ಅದನ್ನು ಇನ್ನೂ ಇಳಿಸಬೇಕಾದರೆ ಹೃದಯದೋಷಕ್ಕೆ ಕೈಹಾಕದೆ ಗತಿಯಿಲ್ಲ ಎಂದು ಅರಿತು 2017ರಲ್ಲಿ ಹೃದ್ಯಂ ಯೋಜನೆ ಶುರು ಮಾಡಿತು. ಯಾವ ಆಸ್ಪತ್ರೆಯಲ್ಲಿ ಪತ್ತೆಯಾದರೂ ಮಗುವಿನ ಹೆಸರು ಒಂದೇ ಆನ್‌ಲೈನ್ ಪಟ್ಟಿಗೆ ಸೇರುತ್ತದೆ, ಎಷ್ಟು ತುರ್ತು ಎಂಬುದನ್ನು ತಜ್ಞರು ನಿರ್ಧರಿಸುತ್ತಾರೆ, ಹಾಸಿಗೆ ಖಾಲಿ ಇರುವ ಕೇಂದ್ರಕ್ಕೆ ಮಗು ಹೋಗುತ್ತದೆ, ಖರ್ಚು ಸರ್ಕಾರದ್ದು. ಗರ್ಭಸ್ಥ ಹಂತದ ಪತ್ತೆಗೂ ಅಲ್ಲಿ ಒತ್ತು ಕೊಡಲಾಗಿದೆ. 2020ರಲ್ಲಿ ಕೇರಳದ ಶಿಶುಮರಣ 6ಕ್ಕೆ ಇಳಿದಿತ್ತು. ಅದಕ್ಕೆ ಹೃದ್ಯಂ ಒಂದೇ ಕಾರಣ ಎನ್ನುವುದು ಅತಿಶಯೋಕ್ತಿಯಾದೀತು. ಆದರೆ ಲಸಿಕೆಯೋ ಶಸ್ತ್ರಚಿಕಿತ್ಸೆಯೋ ಎಂದು ಒಂದನ್ನೇ ಆರಿಸಬೇಕಾದ ಹಂತವನ್ನು ನಾವೂ ದಾಟಿದ್ದೇವೆ. ಹಾಗೆ ನೋಡಿದರೆ, ಈ ಲೇಖನ ಕೇಳುತ್ತಿರುವ ಯೋಜನೆಗೆ ಹೊಸದಾಗಿ ಬೇಕಾದದ್ದರಲ್ಲಿ ಹೆಚ್ಚಿನ ಪಾಲು ತರಬೇತಿ, ಒಂದು ಪಟ್ಟಿ, ಮತ್ತು ಒಂದು ದೂರವಾಣಿ ಸಂಖ್ಯೆ. ಶಸ್ತ್ರಚಿಕಿತ್ಸೆಯ ಹಣ ಈಗಾಗಲೇ ಖರ್ಚಾಗುತ್ತಿದೆ. ತಡವಾಗಿ ಬಂದು ವಾರಗಟ್ಟಲೆ ಐಸಿಯುನಲ್ಲಿ ಉಳಿಯುವ ಮಗುವಿಗೆ ಅದೇ ಹಣ ಹೆಚ್ಚು ಖರ್ಚಾಗಿ ಕಡಿಮೆ ಫಲ ಕೊಡುತ್ತಿದೆ.

ಇನ್ನೊಂದು ಆತಂಕ, ಗರ್ಭದಲ್ಲೇ ದೋಷ ತಿಳಿದರೆ ಜನ ಗರ್ಭ ತೆಗೆಸಿಬಿಡುತ್ತಾರೆ ಎಂಬುದು. ಕೆಲವರು ತೆಗೆಸುತ್ತಾರೆ, ಅದನ್ನು ಮುಚ್ಚಿಡಬೇಕಿಲ್ಲ. 2021ರ ತಿದ್ದುಪಡಿಯ ನಂತರದ ಕಾನೂನು ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ; ಶಿಶುವಿನಲ್ಲಿ ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಆ ಮಿತಿಯೂ ಇಲ್ಲ. ತೀರ್ಮಾನ ಆ ಹೆಣ್ಣಿನದು. ವಯಸ್ಕಳಾದವಳಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಎಡ ಹೃದಯ ಬೆಳೆಯದ ಮಗುವಿಗೆ ಮೂರು ಹಂತದ ಶಸ್ತ್ರಚಿಕಿತ್ಸೆ ಬೇಕು, ಅತ್ಯುತ್ತಮ ಕೇಂದ್ರಗಳಲ್ಲೂ ಎಲ್ಲ ಮಕ್ಕಳು ಉಳಿಯುವುದಿಲ್ಲ, ಉಳಿದವರು ಅರ್ಧ ಹೃದಯದಲ್ಲೇ ಬದುಕು ಸಾಗಿಸಬೇಕು. ಆ ದಾರಿ ಬೇಡವೆನ್ನುವ ತಾಯಿಯನ್ನು ತೂಗಿ ನೋಡುವ ಹಕ್ಕು ನಮಗಿಲ್ಲ. ನೋವಿನ ಸಂಗತಿ ಎಂದರೆ, ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಗಬಹುದಾದ ದೋಷಕ್ಕೂ ಹೃದಯದ ಕಾಯಿಲೆಯಂತೆ, ಬದುಕಲ್ಲವಂತೆ ಎಂಬ ಅರೆಬರೆ ಮಾತು ಕೇಳಿ ಗರ್ಭ ಕಳೆದುಕೊಳ್ಳುವವರಿದ್ದಾರೆ. ಕತ್ತಲಲ್ಲಿಟ್ಟರೆ ಇಂಥ ತೀರ್ಮಾನಗಳು ತಪ್ಪುವುದಿಲ್ಲ. ಮಕ್ಕಳ ಹೃದ್ರೋಗ ತಜ್ಞರೇ ಕುಳಿತು, ಗಂಡ ಹೆಂಡತಿಗೆ ಅವರ ಮಾತಿನಲ್ಲಿ, ಚಿತ್ರ ಬರೆದು ವಿವರಿಸಿದರೆ ತಪ್ಪುತ್ತವೆ. ಆ ಒಂದು ಗಂಟೆಯ ಮಾತುಕತೆಗೂ ಆರೋಗ್ಯ ಯೋಜನೆಯಲ್ಲಿ ದರ ನಿಗದಿಯಾಗಬೇಕು. ಸ್ಕ್ಯಾನಿಂಗ್ ತಡವಾದಷ್ಟೂ ಎರಡೂ ದಾರಿಗಳು ಮುಚ್ಚುತ್ತವೆ. ಏಳನೇ ತಿಂಗಳಿಗೆ ಮೊದಲ ಸ್ಕ್ಯಾನಿಂಗ್ ಮಾಡಿಸಿದ ತಾಯಿಗೆ ಯೋಚಿಸಲು ಸಮಯವೂ ಇಲ್ಲ, ಸಿದ್ಧವಾಗಲು ಸಮಯವೂ ಇಲ್ಲ.

ಹೆಣ್ಣುಮಕ್ಕಳ ವಿಚಾರವನ್ನು ಇಲ್ಲಿ ಬಿಟ್ಟುಬಿಡುವಂತಿಲ್ಲ. ದೆಹಲಿಯ ಏಮ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೃದಯ ಶಸ್ತ್ರಚಿಕಿತ್ಸೆಗೆ ಸಲಹೆ ಪಡೆದ ಗಂಡುಮಕ್ಕಳಲ್ಲಿ ಶೇ 70ರಷ್ಟು ಮಂದಿಗೆ ಶಸ್ತ್ರಚಿಕಿತ್ಸೆಯಾದರೆ, ಹೆಣ್ಣುಮಕ್ಕಳಲ್ಲಿ ಶೇ 44 ಮಾತ್ರ. ಸ್ಕ್ಯಾನಿಂಗ್ ಹೆಚ್ಚಿಸಿದರೆ ಲಿಂಗಪತ್ತೆಗೆ ದಾರಿಯಾಗುತ್ತದೆ ಎಂದು ಹೆದರುವವರ ಕಳವಳವೂ ಈ ದೇಶದ ಅನುಭವದಿಂದಲೇ ಬಂದದ್ದು. 1994ರ ಕಾಯ್ದೆ ನಿಷೇಧಿಸಿರುವುದು ಲಿಂಗಪತ್ತೆಯನ್ನು. ಹೃದಯ ನೋಡುವುದಕ್ಕೆ ಅದು ಅಡ್ಡಿಯಲ್ಲ. ನೋಂದಾಯಿತ ಕೇಂದ್ರಗಳಲ್ಲಿ, ಈಗ ನಡೆಯುತ್ತಿರುವ ಅದೇ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ, ಅದೇ ದಾಖಲೆಗಳೊಡನೆ ಈ ಕೆಲಸ ಆಗಬೇಕು, ಕಾಯ್ದೆಯ ಬಿಗಿ ಸಡಿಲಬಾರದು. ಮುಂಚಿತ ಪತ್ತೆಯಿಂದ ಹೆಣ್ಣು ಶಿಶುವಿಗೆ ಒಂದು ಅನುಕೂಲವೂ ಇದೆ. ಗಂಡೋ ಹೆಣ್ಣೋ ಯಾರಿಗೂ ತಿಳಿಯದ ಹೊತ್ತಿನಲ್ಲೇ ಶಸ್ತ್ರಚಿಕಿತ್ಸೆಯ ಅನುಮೋದನೆ, ಹಾಸಿಗೆ, ಪ್ರಯಾಣ ಎಲ್ಲ ನಿಗದಿಯಾಗಿರುತ್ತವೆ. ಹುಟ್ಟಿದ ಮೇಲೆ ಹಿಂದೆ ಸರಿಯುವ ಮನೆಯವರಿಗೆ ಹಣದ ನೆಪ, ದೂರದ ನೆಪ ಉಳಿಯುವುದಿಲ್ಲ.

ಎಷ್ಟೇ ಚೆನ್ನಾಗಿ ಸ್ಕ್ಯಾನಿಂಗ್ ಮಾಡಿದರೂ ಕೆಲವು ದೋಷಗಳು ತಪ್ಪಿಸಿಕೊಳ್ಳುತ್ತವೆ. ಕೆಲವೊಮ್ಮೆ ಇಲ್ಲದ ದೋಷ ಇದ್ದಂತೆಯೂ ಕಾಣಬಹುದು. ಮಹಾಧಮನಿ ಕಿರಿದಾಗಿದೆ ಎಂದು ಗರ್ಭದಲ್ಲಿ ಶಂಕಿಸಿದ ಎಷ್ಟೋ ಮಕ್ಕಳು ಹುಟ್ಟಿದ ಮೇಲೆ ಸರಿಯಾಗಿಯೇ ಇರುತ್ತವೆ. ಆ ತಾಯಂದಿರ ಆತಂಕದ ದಿನಗಳು ಸುಳ್ಳಲ್ಲ, ಆದರೆ ಎರಡನೇ ಎಕೋ ಮಾಡಿಸಿ ಖಚಿತಪಡಿಸಿಕೊಳ್ಳುವ ಅವಕಾಶ ಇದ್ದೇ ಇರುತ್ತದೆ. ತಪ್ಪಿಸಿಕೊಂಡವರಿಗಾಗಿ ಇನ್ನೊಂದು ಬಲೆ ಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಲ್ಸ್ ಆಕ್ಸಿಮೀಟರನ್ನು ಹುಟ್ಟಿದ 24 ಗಂಟೆ ಕಳೆದ ಮೇಲೆ ಮಗುವಿನ ಬಲಗೈಗೂ ಒಂದು ಪಾದಕ್ಕೂ ಹಾಕಿ ನೋಡಿದರೆ ಸಾಕು. ಎರಡೂ ಕಡೆ ಶೇ 95ಕ್ಕಿಂತ ಕಡಿಮೆ ಇದ್ದರೆ, ಅಥವಾ ಕೈಗೂ ಕಾಲಿಗೂ ಶೇ 3ಕ್ಕಿಂತ ಹೆಚ್ಚು ಅಂತರ ಇದ್ದರೆ ಮತ್ತೆ ಪರೀಕ್ಷಿಸಬೇಕು. ಶೇ 90ಕ್ಕಿಂತ ಕಡಿಮೆಯಾದರೆ ಕೂಡಲೇ ಎಕೋ. ಅಮೆರಿಕದಲ್ಲಿ ಈ ಪರೀಕ್ಷೆ ಕಡ್ಡಾಯ ಮಾಡಿದ ರಾಜ್ಯಗಳಲ್ಲಿ ತೀವ್ರ ಹೃದಯದೋಷದಿಂದಾಗುವ ಶಿಶುಮರಣ ಶೇ 33ರಷ್ಟು ಇಳಿಯಿತೆಂದು 2017ರ ಅಧ್ಯಯನ ತೋರಿಸಿತು. ಬಾಣಂತಿಯ ಬಿಡುಗಡೆ ಚೀಟಿಗೆ ಸಹಿ ಹಾಕುವ ಮೊದಲು ಈ ಎರಡು ಅಂಕಿಗಳನ್ನು ಬರೆಯುವುದು ರಾಜ್ಯದ ಪ್ರತಿ ಹೆರಿಗೆ ಆಸ್ಪತ್ರೆಗೂ ಕಡ್ಡಾಯವಾಗಬೇಕು.

ಹಾಗೆಂದು ಹೃದಯ ಶಸ್ತ್ರಚಿಕಿತ್ಸೆಯನ್ನು ಜಿಲ್ಲೆಜಿಲ್ಲೆಗೂ ಹಂಚಬೇಕೆಂಬ ಬೇಡಿಕೆ ಬಂದರೆ ಅದನ್ನು ವಿರೋಧಿಸಬೇಕಾಗುತ್ತದೆ. ಬ್ರಿಟನ್ನಿನ ಬ್ರಿಸ್ಟಲ್ ಆಸ್ಪತ್ರೆಯಲ್ಲಿ 1984ರಿಂದ 1995ರವರೆಗೆ ನಡೆದ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗಳ ಬಗ್ಗೆ 2001ರಲ್ಲಿ ಬಂದ ವಿಚಾರಣಾ ವರದಿ, 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಬೇರೆಡೆಗಿಂತ ಹೆಚ್ಚಾಗಿ ಅಲ್ಲಿ ಸತ್ತಿದ್ದವೆಂದು ಕಂಡುಕೊಂಡಿತು. ಅದರಲ್ಲಿ ಧಮನಿ ಬದಲಿಸುವ ಶಸ್ತ್ರಚಿಕಿತ್ಸೆಯದೂ ದೊಡ್ಡ ಪಾಲು. ಈ ಕೆಲಸದಲ್ಲಿ ಕೈ ಪಳಗುವುದು ಸಂಖ್ಯೆಯಿಂದ. ಶಸ್ತ್ರವೈದ್ಯರಷ್ಟೇ ಅಲ್ಲ, ರಾತ್ರಿ ಎರಡು ಗಂಟೆಗೆ ಮೂರು ಕಿಲೋ ಮಗುವಿನ ರಕ್ತದೊತ್ತಡ ಇಳಿಯುವುದನ್ನು ಮೊದಲು ಗಮನಿಸುವ ಐಸಿಯು ದಾದಿಯೂ ಪಳಗಬೇಕು. ಆದ್ದರಿಂದ ಪತ್ತೆ ಪ್ರತಿ ತಾಲ್ಲೂಕಿನಲ್ಲಿ, ಖಚಿತಪಡಿಸುವ ಎಕೋ ಪ್ರತಿ ವಿಭಾಗದಲ್ಲಿ, ಶಸ್ತ್ರಚಿಕಿತ್ಸೆ ಕೆಲವೇ ಕೇಂದ್ರಗಳಲ್ಲಿ ಇರಲಿ. ಸರ್ಕಾರದ ಹಣ ಪಡೆಯುವ ಕೇಂದ್ರಗಳು ವರ್ಷಕ್ಕೆ ಎಷ್ಟು ನವಜಾತ ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವು, ಎಷ್ಟು ಮಕ್ಕಳು ಮನೆಗೆ ಹೋದವು ಎಂಬುದನ್ನು ಬಹಿರಂಗಪಡಿಸುವುದು ಒಪ್ಪಂದದ ಷರತ್ತಾಗಲಿ. ಕೂಲಿ ಬಿಟ್ಟು ಬರುವ ಅಪ್ಪನಿಗೆ, ಹಸಿ ಬಾಣಂತಿಗೆ, ಜೊತೆಗೆ ಬರುವ ಅಜ್ಜಿಗೆ ಆಸ್ಪತ್ರೆಯ ಬಳಿ ಮೂರು ನಾಲ್ಕು ವಾರ ಇರಲು ಜಾಗ, ಊಟ, ಒಂದಿಷ್ಟು ಕೂಲಿ ಪರಿಹಾರ ಯೋಜನೆಯ ಪ್ಯಾಕೇಜಿನಲ್ಲೇ ಸೇರಲಿ. ಶಸ್ತ್ರಚಿಕಿತ್ಸೆ ಉಚಿತ ಎಂದು ಗೊತ್ತಿದ್ದೂ ಬರದೇ ಉಳಿಯುವವರು ಈ ಖರ್ಚಿಗೆ ಹೆದರಿಯೇ ಉಳಿಯುತ್ತಾರೆ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಮನೆಯವರು ಮಾಡಬಹುದಾದದ್ದೂ ಇದೆ. ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ 18ರಿಂದ 20ನೇ ವಾರದೊಳಗೆ ಸ್ಕ್ಯಾನಿಂಗ್ ಮಾಡಿಸಿ, ಮುಂದೂಡಬೇಡಿ. ಮಗುವಿನ ಹೃದಯದ ನಾಲ್ಕು ಕೋಣೆ, ಎರಡು ಧಮನಿ ಸರಿಯಾಗಿ ಕಂಡವೇ ಎಂದು ವೈದ್ಯರನ್ನು ಕೇಳಿ. ಕಾಣದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಲು ಹೇಳಿ. ಏನಾದರೂ ಅನುಮಾನ ಬಂದರೆ ಅಂದೇ ಯಾವ ತೀರ್ಮಾನಕ್ಕೂ ಬರಬೇಡಿ. ಫೀಟಲ್ ಎಕೋ ಎಲ್ಲಿ ಮಾಡಿಸಬೇಕು, ಹೆರಿಗೆ ಯಾವ ಆಸ್ಪತ್ರೆಯಲ್ಲಾಗಬೇಕು ಎಂಬೆರಡನ್ನೂ ತಾಯಿ ಕಾರ್ಡಿನ ಮೇಲೆ ಬರೆಸಿಕೊಂಡೇ ಅಲ್ಲಿಂದ ಹೊರಡಿ.